ಆರಿದ್ದು ಯಾಕೆ

ಕೊಪಿಯಾಪೋ. ಆಗಸ್ಟಿನ ರಾತ್ರಿ, ಎರಡೂಕಾಲು.
ಹೊರಗೆ ಮರಳುಗಾಡು ತನ್ನ ಚಳಿಯನ್ನು ತಾನೇ ಹೊದ್ದು ಮಲಗಿದೆ.
ಒಳಗೆ ಇಸ್ಮೇನಿಯಾ ಸ್ವೆಟರಿನ ತೋಳು ಮಡಚಿ
ಗಾಜಿನ ತಟ್ಟೆಗೆ ಬಣ್ಣ ಬಿಡುತ್ತಾಳೆ:
ಒಂದು ಹನಿ, ಇನ್ನೊಂದು.
ಮೂರನೆಯದು ಪಿಪೆಟ್ಟಿನ ತುದಿಯಲ್ಲಿ ತೂಗಿ
ಬೀಳಲೊಲ್ಲದು.

ತಟ್ಟೆಯಲ್ಲಿ ಒಬ್ಬ ಹುಡುಗನ ಜೀವಕೋಶಗಳು,
ತೋಳಿಂದ ತೆಗೆದ ಉದ್ದಿನಕಾಳಿನಷ್ಟು ಚರ್ಮದಿಂದ ಬೆಳೆಸಿದವು.
ಹೆಸರು ಹೇಳುವ ಹಾಗಿಲ್ಲ; ಮುಚ್ಚಳದ ಮೇಲೆ ಹದಿನೇಳು ಎಂದಷ್ಟೇ.
ವಯಸ್ಸು ಹನ್ನೊಂದು. ಬರೆದರೆ ಅಕ್ಷರಗಳು ಗೆರೆ ಬಿಟ್ಟು ಜಾರುತ್ತವೆ,
ಕಣ್ಣಾಲಿಯ ಅಂಚಿಗೆ ಕಂದು ಬಳೆ.
ತಾಯಿಯದೊಂದು ತಪ್ಪು, ತಂದೆಯದೊಂದು,
ಇಬ್ಬರೂ ಅರಿಯದೆ ಕೊಟ್ಟ ಸಮಪಾಲು:
ಬಂದ ತಾಮ್ರಕ್ಕೆ ಹೊರಹೋಗುವ ಬಾಗಿಲಿಲ್ಲ.

ತಾಮ್ರದ ಕಾಸು ತಾಯಿ ಮಕ್ಕಳ ಕೆಡಿಸಿತು
ಅನ್ನುತ್ತದೆ ಗಾದೆ. ಇಲ್ಲಿ ಕಾಸೂ ಅಲ್ಲ,
ಎಲೆಕ್ಟ್ರಾನು ಕಳಕೊಂಡು
ಒಳಗೊಳಗೇ ಅಲೆಯುವ ಅಯಾನು.

ನೀಲಿ ಬೆಳಕು ಬಿಟ್ಟಳು. ತಟ್ಟೆ ಹಸಿರಾಗಿ ಹೊತ್ತಿತು,
ಏಳು ಕೋಶ, ರಾತ್ರಿ ವಿಮಾನದಿಂದ ಕಂಡ ಏಳು ಊರು.
ಆಮೇಲೆ ಒಂದೊಂದೇ ಕಡೆ ಆರತೊಡಗಿತು.
ಈ ಬಣ್ಣದ ಗುಣವೇ ಹಾಗೆ: ತಾಮ್ರ ಮುಟ್ಟಿದಲ್ಲಿ ಬಾಯಿ ಮುಚ್ಚುತ್ತದೆ.
ಎಲ್ಲಿ ಕಾಣುವುದಿಲ್ಲವೋ ಅಲ್ಲಿ ಇದೆ.
"ಹೊತ್ತಿಕೊಳ್ಳುವ ಬಣ್ಣ ತರಿಸೋಣ," ಅನ್ನುತ್ತಾನೆ ವೆನ್ಸೆಸ್ಲಾವೊ,
"ಕತ್ತಲೆಯ ಚಿತ್ರವನ್ನು ಯಾವ ಪತ್ರಿಕೆ ಅಚ್ಚುಹಾಕೀತು?"

ಅದಲ್ಲ ಅವಳ ಚಿಂತೆ. ಬಣ್ಣವೂ ದಣಿಯುತ್ತದೆ;
ನಾವು ನೋಡಿದ ಬೆಳಕೇ ಅದನ್ನು ಸವೆಸುತ್ತದೆ.
ಸವೆದ ಕತ್ತಲೆಗೂ ತಾಮ್ರದ ಕತ್ತಲೆಗೂ
ಮುಖ ಒಂದೇ.

ಅಜ್ಜ ನಿಕಾನೋರ್ ಗುಡ್ಡ ಕೊರೆದು ತಾಮ್ರ ತೆಗೆದವನು.
ಹಣೆಯ ಕಾರ್ಬೈಡ್ ದೀಪ ಆರಿದರೆ, ಅನ್ನುತ್ತಿದ್ದ,
ಬಂದ ದಾರಿಯಲ್ಲೇ ಹಿಂದಕ್ಕೆ ಬಾ, ಮತ್ತೆ ಗೀರು.
ಹೊತ್ತಿದರೆ, ಅಲ್ಲಿ ಕೆಟ್ಟದ್ದು ಗಾಳಿ.
ಇಲ್ಲವೋ, ನಿನ್ನ ಪುಡಿಯೇ ಮುಗಿದಿದೆ, ಮನೆಗೆ ನಡೆ.

ಇಸ್ಮೇನಿಯಾಳ ಗೀರುಕಡ್ಡಿ ಒಂದು ಔಷಧ:
ತಾಮ್ರದ ಕೈಹಿಡಿದು ಬಣ್ಣದಿಂದ ಬಿಡಿಸಿ ಕರೆದೊಯ್ಯುವ ಅಣು.
ಹುಡುಗನೂ ದಿನಕ್ಕೆರಡು ಸಲ ನುಂಗುವುದು ಅದನ್ನೇ,
ಬರಿಹೊಟ್ಟೆಗೆ, ಮುಖ ಕಿವುಚಿ.
ಬಿಟ್ಟಳು.
ಟೀ ಆರಿತು. ಯಂತ್ರದ ಫ್ಯಾನು ಒಂದೇ ಸಮ ಗುಂಯ್ಗುಟ್ಟಿತು.
ಮೊದಲು ಬಲಗಡೆಯದು, ಮುಸುಕು ಸರಿಸಿ ಎದ್ದ ಹಾಗೆ,
ಆಮೇಲೆ ನಡುವಿನ ಮೂರು,
ಕೆಳಗಿನೆರಡು ಒಟ್ಟಿಗೇ:
ಹಸಿರು ಮರಳಿತು.

ಎಡ ಅಂಚಿನದು ಹಾಗೇ ಇತ್ತು.
ಐದು ನಿಮಿಷ ಕಾದಳು. ಇನ್ನೈದು.
ಪುಸ್ತಕದಲ್ಲಿ ಬರೆದಳು: ಆರರಲ್ಲಿ ತಾಮ್ರ.
ಒಂದು, ಗೊತ್ತಿಲ್ಲ.
ಪೆನ್ನು ಮುಚ್ಚಿ, ಮತ್ತೆ ತೆರೆದು,
ಗೊತ್ತಿಲ್ಲ ಎಂಬುದರ ಕೆಳಗೆ
ಗೆರೆ ಎಳೆದಳು.