ಮೇಲು ಯಾವ ಕಡೆ

ಅರ್ಕನ್ಸಾದ ಸಣ್ಣ ಊರ ಗ್ಯಾಲರಿ. ಅರ್ಜಿಯಲ್ಲಿ
ಚಿತ್ರ, ಶಿಲ್ಪ, ಇತರೆ.
ವರ್ಲೀನ್ ಟಬ್ಸ್ ‘ಇತರೆ’ಗೆ ಗುರುತು ಹಾಕಿ
ಕೌದಿಯನ್ನು ಮೇಜಿನ ಮೇಲೆ ಬಿಚ್ಚಿದಳು.

ಕಾಗದದ ಮಿಲ್ಲಿಗೆ ಗಂಡ ತೊಟ್ಟು ಸವೆಸಿದ ಡೆನಿಮ್ಮು.
ಜೇಬು ಕಿತ್ತ ಜಾಗದಲ್ಲಿ ಮಾತ್ರ
ಬಿಸಿಲು ಕಾಣದ ನೀಲಿ,
ಇಪ್ಪತ್ತು ವರ್ಷ ಬಚ್ಚಿಟ್ಟುಕೊಂಡದ್ದು.

ಒಬ್ಬ ಕನ್ನಡಕ ಒರೆಸಿ ‘ಅಮೂರ್ತ’ ಅಂದ.
ಇನ್ನೊಬ್ಬಳು ಹೊಲಿಗೆ ಎಣಿಸಿ
‘ಕಸುಬು, ಅಷ್ಟೇ’ ಅಂದಳು.
ಮೂರನೆಯವನಿಗೆ ಮೊಳೆಯದೇ ಚಿಂತೆ:
‘ಇದರಲ್ಲಿ ಮೇಲು ಯಾವ ಕಡೆ?’

‘ತಲೆ ಇಡೋ ಕಡೆ.’

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಗೋಡೆ ಇದ್ದಷ್ಟು ಏನು ಚಾಚುವುದು?

ಕೊನೆಗೆ ತೂಗುಹಾಕಿದರು,
ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಚೀಟಿ.
ಆ ರಾತ್ರಿ ಮನೆಯಲ್ಲಿ
ಹರ್ಶೆಲ್ ಮಂಡಿ ಎದೆಗೆಳೆದುಕೊಂಡು ಕೇಳಿದ:
‘ವಾಪಸ್ಸು ಯಾವಾಗ?’