ಬೆನ್ನುಗಳು

ಕ್ಲೈವ್ ಒಡ್ಲಿಂಗನ ನೆತ್ತಿಯ ಹಿಂದೆ
ಪೆನ್ನಿಯಗಲದ ಬೋಳು ಮೊದಲು ಕಂಡದ್ದು ನನಗೇ.
ಅವನ ಹೆಂಡತಿಗಿಂತ ಮುಂಚೆ, ಕ್ಷೌರದವನಿಗಿಂತ ಮುಂಚೆ.
ಹೇಳಲಿಲ್ಲ.
ಹನ್ನೊಂದು ವರ್ಷದಲ್ಲಿ ಅದು ತಟ್ಟೆಯಷ್ಟಾಗಿ
ಸ್ಟೇಜಿನ ಕೆಂಪು ದೀಪ ಅಲ್ಲಿ ಕೂತು
ನನ್ನ ಜೊತೆ ತಾಳ ಹಾಕುತ್ತದೆ.

ಹಾಡುವವರಿಗೆ ಜನರ ಮುಖ.
ನನಗೆ ಹಾಡುವವರ ಬೆನ್ನು.
ಮೂವತ್ತೊಂದು ವರ್ಷ, ಏಳು ಬ್ಯಾಂಡು,
ಬೆವರು ಭೂಪಟ ಬರೆದ ಅಂಗಿಗಳು,
ಹಿಂಜೇಬಿನಲ್ಲಿ ಮಡಿಸಿಟ್ಟ ಹಾಡಿನ ಪಟ್ಟಿ,
ಗಂಡನನ್ನು ಬಿಟ್ಟ ವರ್ಷ ರೋವೆನಾಳ ಎಡಭುಜ
ಗಿಟಾರಿನ ಭಾರಕ್ಕೆ ಇಳಿದದ್ದು,
ಮರುವರ್ಷ ಯಾಕೋ ಮತ್ತೆ ಏರಿದ್ದು.

ಬೆಳಗಿನ ಐದಕ್ಕೆ ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ
ಹ್ಯಾಡಕ್ ಮೀನಿನ ಬೆನ್ನೆಲುಬು ಬಿಡಿಸುತ್ತೇನೆ.
ಅಲ್ಲಿಯೂ ಬೆನ್ನೇ.
ಚಾಕು ಕಿವಿರಿನ ಹಿಂದೆ ಇಳಿದು, ಎಲುಬು ತಾಗಿ, ಹೊರಳಿ,
ಬಾಲದ ತನಕ ಸರ್ರನೆ.
ಮೀನು ಈಗ ಲಾರಿಯಲ್ಲಿ ಬರುತ್ತದೆ, ಪರದೇಶದ ಐಸು ಹೊದ್ದು;
ನಮ್ಮ ದೋಣಿಗಳೆಲ್ಲ ಪಬ್ಬಿನ ಗೋಡೆಯ ಫೋಟೋಗಳಲ್ಲಿ ಲಂಗರು ಹಾಕಿವೆ.
ಎಷ್ಟು ತೊಳೆದರೂ ಕೈಯ ವಾಸನೆ ಕೋಲಿಗೆ ಹತ್ತುತ್ತದೆ.
ವಾದ್ಯದಂಗಡಿಯ ಹುಡುಗ ಮೂಸಿ ನೋಡಿ ನಕ್ಕ.
ಬೆರಿಲ್ ನಗಲಿಲ್ಲ.
ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತ
ಸ್ನೇರ್ ಡ್ರಮ್ಮನ್ನು ನೋಡಿ,
'ಸರಿ, ನಾನು ಬಸ್ಸಿಗೆ ಬರ್ತೀನಿ' ಅಂದಳು.

ಎಲ್ಲರಿಗಿಂತ ಮೊದಲು ಬಂದು ಕಾರ್ಪೆಟ್ ಹಾಸಬೇಕು.
ಅತ್ತೆಯ ಮನೆಯ ಮೆಟ್ಟಿಲಿನ ತುಂಡು ಅದು.
ಇಲ್ಲವಾದರೆ ದೊಡ್ಡ ಡ್ರಮ್ಮು
ಒದ್ದಾಗಲೆಲ್ಲ ಜನರ ಕಡೆಗೆ ತೆವಳುತ್ತದೆ,
ನನಗಿಲ್ಲದ ಆಸೆ ಅದಕ್ಕೆ.
ಮೈಕು ಚೀಲಕ್ಕೆ ಹಾಕಿ ಕ್ಲೈವ್ ಹೊರಟ ಮೇಲೂ
ನಾನು ಮಂಡಿಯೂರಿ, ಬಿಯರ್ ಚೆಲ್ಲಿದ ನೆಲದಲ್ಲಿ
ಎಲ್ಲೋ ಉರುಳಿದ ತಿರುಪು ಹುಡುಕುತ್ತಾ.
ಬಂದದ್ದು ಇಪ್ಪತ್ತೈದು ಪೌಂಡು.
ಪೆಟ್ರೋಲಿಗೆ ಒಂಬತ್ತು, ಮುರಿದ ಕೋಲಿಗೆ ಹನ್ನೊಂದು,
ಉಳಿದದ್ದು ಚಿಪ್ಸಿಗೆ.
ಬರೀ ಚಿಪ್ಸಿಗೆ. ಮೀನು ನಾನು ಮುಟ್ಟುವುದಿಲ್ಲ.

ಕಳೆದ ಶನಿವಾರ ಕ್ಲೀಥಾರ್ಪ್ಸಿನ ಕ್ಲಬ್ಬಿನಲ್ಲಿ
ಯಾರದೋ ಅರವತ್ತನೇ ಹುಟ್ಟುಹಬ್ಬ.
ಮೂರನೇ ಹಾಡಿನ ನಡುವೆ ಫ್ಯೂಸು ಹೋಯಿತು,
ಅಡುಗೆಮನೆಯಲ್ಲಿ ಎರಡು ಕೆಟಲ್ ಒಟ್ಟಿಗೆ ಹಾಕಿದ್ದರಂತೆ.
ಗಿಟಾರು ಸತ್ತಿತು.
ಕ್ಲೈವ್ ಬಾಯಿ ಆಡಿಸುತ್ತಲೇ ಇದ್ದ, ಐಸಿನ ಮೇಲೆ ಸುರಿದ ಮೀನಿನ ಹಾಗೆ.
ಕೈಗೆ ಕರೆಂಟು ಬೇಕಿರಲಿಲ್ಲ,
ನಿಲ್ಲಿಸಬೇಕೆಂದು ಅದಕ್ಕೆ ಹೊಳೆಯಲೂ ಇಲ್ಲ.
ಧಿಮ್ ಟಕ, ಧಿಧಿಮ್ ಟಕ.
ಆಗ ಒಂದೊಂದಾಗಿ
ಬೆನ್ನುಗಳು ತಿರುಗಿದವು.

ಯಾರದೋ ಮೊಬೈಲಿನ ಬೆಳಕು.
ನೆವಿಲ್‌ನ ಗಲ್ಲದ ಮೇಲೊಂದು ಗಾಯದ ಗೆರೆ, ಯಾವಾಗಿನದೋ.
ರೋವೆನಾಗೆ ಕನ್ನಡಕ ಬಂದಿತ್ತು.
ಕ್ಲೈವ್, ಅಯ್ಯೋ, ಕ್ಲೈವ್ ಮುದುಕನಾಗಿದ್ದ.
ಸಾಮಾನು ಇಳಿಸುವಾಗ ದಿನಾ ನೋಡಿದ ಮುಖಗಳೇ,
ಆದರೆ ಆಗ ಎಲ್ಲರ ಕೈಯಲ್ಲೂ ಪೆಟ್ಟಿಗೆ, ಕಣ್ಣು ಮೆಟ್ಟಿಲ ಮೇಲೆ.
ಅವರೂ ನನ್ನನ್ನು ನೋಡಿದರು,
ಪಕ್ಕದ ಮನೆಗೆ ಯಾವಾಗ ಬಂದಿರಿ ಎನ್ನುವವರಂತೆ.

ಹುಟ್ಟುಹಬ್ಬದಾಕೆ ಚಪ್ಪಾಳೆ ಶುರುಮಾಡಿದಳು, ತಾಳ ತಪ್ಪಿ.
ಮೇಜು ಮೇಜೂ ಅವಳ ಹಿಂದೆ ಹೋಯಿತು.
ಕುಂಟುವವರ ಜೊತೆ ನಡೆಯುವಾಗ ಮಾಡುವಂತೆ
ತುಸು ನಿಧಾನಿಸಿದೆ.
ಎರಡು ನಿಮಿಷವಿರಬಹುದು. ಎರಡೂವರೆ.
ಕರೆಂಟು ಬಂತು, ಎಲ್ಲರೂ ಮುಂದಕ್ಕೆ ತಿರುಗಿದರು.
ಹಾಡು ಬಿಟ್ಟ ಜಾಗಕ್ಕೇ ಬಂದು ಕೂತಿತು.

ಸೋಮವಾರ ಐದಕ್ಕೆ
ಪಕ್ಕದ ಹಲಗೆಯ ಆಲ್ವಿನ್ ಕೇಳಿದ:
'ನಮ್ಮ ಅತ್ತಿಗೆ ಪಾರ್ಟೀಲಿದ್ದೆ ಕಣೋ,
ಕತ್ತಲಲ್ಲೂ ಬಡೀತಾನೇ ಇತ್ತಲ್ಲ,
ಆ ಮಶೀನು ಬ್ಯಾಟರೀದಾ?'
ಹೌದು, ಅಂದೆ.
ಚಾಕು ಕಿವಿರಿನ ಹಿಂದೆ ಇಟ್ಟೆ.
ಹಲಗೆಯ ಕೆಳಗೆ,
ರಬ್ಬರ್ ಬೂಟಿನೊಳಗೆ ಬಲಗಾಲು
ತನ್ನ ಪಾಡಿಗೆ.