ಹತ್ತೊಂಬತ್ತು ಮೂಟೆ

ಸಂತೇಪೇಟೆಯ ಸೈಬರಿನಲ್ಲಿ ಹತ್ತು ರೂಪಾಯಿ ಕೊಟ್ಟು
ಪ್ರಿಂಟು ತೆಗೆಸಿದ ಎರಡನೇ ಸೆಮಿಸ್ಟರಿನ ಅಂಕಪಟ್ಟಿ
ಇನ್ನೂ ಬಿಸಿ.
ನಡೆಯುತ್ತಲೇ ಬೆರಳಲ್ಲಿ ಲೆಕ್ಕ ಹಾಕಿದೆ:
ಐದು, ಆರು, ಏಳು, ಒಂಬತ್ತು, ಎಂಟು,
ಯೋಗಕ್ಕೆ ಹತ್ತಕ್ಕೆ ಹತ್ತು.
ಕೂಡಿದರೆ ನಲವತ್ತೈದು, ವಿಷಯ ಆರು,
ಏಳೂವರೆ!

ಮಂಡಿಯಲ್ಲಿ ಅವ್ವ ರಾಶಿಯ ಮುಂದೆ ಕೂತಿದ್ದಳು.
ದಪ್ಪ ಎಡಕ್ಕೆ, ಮಧ್ಯಮ ಬಲಕ್ಕೆ,
ಗೋಲಿ ಕಾಲ ಬಳಿ,
ಕೊಳೆತದ್ದು ಬೆನ್ನ ಹಿಂದಕ್ಕೆ, ನೋಡದೆ.
"ಏಳೂವರೆ ಕಣವ್ವಾ" ಅಂದೆ.
"ಶನಿಯಾ?" ಅಂದಳು, ಕೈ ನಿಲ್ಲಿಸದೆ.

ಶನಿಯಲ್ಲ, ಎಸ್‌ಜಿಪಿಎ ಅಂತ ತೋರಿಸಹೋದರೆ
ಪಟ್ಟಿಯ ಬುಡದಲ್ಲಿ, ಇರುವೆಯಂಥ ಅಕ್ಷರದಲ್ಲಿ,
ಏಳು, ಚುಕ್ಕಿ, ಸೊನ್ನೆ, ಸೊನ್ನೆ.
ಅರ್ಧ ಎಲ್ಲಿ ಹೋಯಿತು?
ದಾರಿಯಲ್ಲಿ ಉದುರಿತೇ,
ಯೂನಿವರ್ಸಿಟಿಯವರು ಮುರಿದುಕೊಂಡರೇ?

"ಕೊಡು ಇಲ್ಲಿ" ಅಂದ ರೈಟರ್ ಜವರಯ್ಯ
ಕನ್ನಡಕ ಹಣೆಯಿಂದ ಇಳಿಸಿ
ಲಾರಿ ಬಿಲ್ಲು ನೋಡುವ ಹಾಗೆ ನೋಡಿದ.
"ಪಕ್ಕದಲ್ಲಿ ಇನ್ನೊಂದು ಸಾಲಿದೆಯಲ್ಲ,
ನಾಲ್ಕು ನಾಲ್ಕು ನಾಲ್ಕು, ಮೂರು ಮೂರು, ಒಂದು,
ಇದೇನು?"
ಕ್ರೆಡಿಟ್ಟು, ಅಂದೆ.
ಅಂದರೆ? ಅಂದ.
ಅಂದರೆ... ವಾರಕ್ಕೆ ಇಷ್ಟು ಗಂಟೆ... ವಿಷಯದ ಭಾರ...
ಫರ್ಜಾನಾ ಮೇಡಂ ಮೊದಲ ದಿನವೇ ಬರೆಸಿದ್ದರು,
ನಾನು ಬರೆದುಕೊಂಡಿದ್ದೆ ಅಷ್ಟೆ.

"ಮೂಟೆ" ಅಂದಳು ಅವ್ವ.

ಹೌದು, ಮೂಟೆ.
ಗಣಿತ ನಾಲ್ಕು ಮೂಟೆ, ಮೂಟೆಗೆ ಐದರ ರೇಟು.
ಜವರಯ್ಯ ತೂಕದ ಚೀಟಿಯ ಹಿಂದೆ ಇಳಿಸಿದ,
ಬಾಯಲ್ಲಿ ಮಗ್ಗಿ ತಾನೇ ಉರುಳಿತು:
ನಾಲ್ಕೈದ್ಲಿ ಇಪ್ಪತ್ತು,
ಭೌತ ನಾಲ್ಕಾರ್ಲಿ ಇಪ್ಪತ್ನಾಲ್ಕು,
ರಸಾಯನ ನಾಲ್ಕೇಳ್ಲಿ ಇಪ್ಪತ್ತೆಂಟು,
ಕನ್ನಡ ಮೂರೊಂಬತ್ಲಿ ಇಪ್ಪತ್ತೇಳು,
ಇಂಗ್ಲಿಷು ಮೂರೆಂಟ್ಲಿ ಇಪ್ಪತ್ನಾಲ್ಕು,
ಯೋಗ ಹತ್ತೊಂದ್ಲಿ ಹತ್ತೇ ಹತ್ತು.
ಒಟ್ಟು ನೂರಾ ಮೂವತ್ಮೂರು.
ಮೂಟೆ ಹತ್ತೊಂಬತ್ತು.
ಹತ್ತೊಂಬತ್ತೇಳ್ಲಿ ನೂರಾ ಮೂವತ್ಮೂರು,
ಒಂದು ಗೋಲಿಯೂ ಉಳಿಯದಂತೆ.

"ನೀನು ಹಾಕಿದ್ದು ಚೀಲದ ಬಾಯಿ ಲೆಕ್ಕ.
ದಪ್ಪ ಗೆಡ್ಡೆ ಮೇಲೆ ಜೋಡಿಸಿ
ಎಲ್ಲಾ ಹಿಂಗೇ ಅವೆ ಸ್ವಾಮಿ ಅನ್ನೋರು ದಿನಾ ಬರ್ತಾರೆ.
ಸುರಿಸಿ ನೋಡ್ತೀವಿ ನಾವು."
ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೋದ ಸೆಮಿಸ್ಟರು ಚೆನ್ನಾಗಿತ್ತು ಗೊತ್ತಾ, ಅಂದೆ,
ಎಂಟು ಬಂದಿತ್ತು, ಇಪ್ಪತ್ತೊಂದು ಮೂಟೆಗೂ.
"ಅದನ್ನೂ ಬೆರೆಸ್ತಾರಾ?"
ಬೆರೆಸುತ್ತಾರೆ. ಅದು ಸಿಜಿಪಿಎ.
ಹಳೆಯ ಬೆಳೆಯನ್ನು ಬಿಸಾಡುವಂತಿಲ್ಲ,
ಕೆಟ್ಟದ್ದನ್ನೂ, ಒಳ್ಳೆಯದನ್ನೂ.
ನೂರಾ ಅರವತ್ತೆಂಟಕ್ಕೆ ಇವತ್ತಿನದ್ದು ಸೇರಿಸಿ
ಮುನ್ನೂರಾ ಒಂದು.
ನಲವತ್ತು ಮೂಟೆಗೆ ಹಂಚಿದರೆ
ಏಳೂವರೆ, ಮೇಲೊಂಚೂರು ಚಿಲ್ಲರೆ.

"ಮತ್ತೆ ಶನಿ ಬಂದ ನೋಡು" ಅಂದ ಜವರಯ್ಯ.
ಹಮಾಲಿಗಳೂ ನಕ್ಕರು, ಯಾಕೆಂದು ತಿಳಿಯದೆಯೂ.

ಗಣಿತಕ್ಕೆ ಮರುಎಣಿಕೆ ಹಾಕಲಾ ಅಂದೆ.
"ಮರುತೂಕಕ್ಕೆ ಎಷ್ಟು?"
ಹೇಳಿದೆ. ಅವ್ವನ ಒಂದೂವರೆ ದಿನದ ಕೂಲಿ.
ಅವಳ ಕೈ ಆಗ ನಿಂತಿತು, ಮೊದಲ ಸಲ.
"ತಕ್ಕಡಿ ತಪ್ಪಿದ್ದರೆ ಹಾಕು.
ಗೆಡ್ಡೆನೇ ಸಣ್ಣ ಇದ್ದರೆ ಬ್ಯಾಡ.
ಅದು ನಿಂಗೆ ಗೊತ್ತಿರತ್ತೆ."

ಗೊತ್ತಿತ್ತು.
ಗಣಿತದ ಕ್ಲಾಸು ಬೆಳಿಗ್ಗೆ ಎಂಟಕ್ಕೆ.
ಆ ಹೊತ್ತಿಗೆ ಮಹಾರಾಜ ಪಾರ್ಕಿನ ಕಲ್ಲುಬೆಂಚಿನ ಮೇಲೆ
ಯಾರ್ಯಾರು ಕೂತಿರುತ್ತಿದ್ದರು ಎಂಬ ಸಾಲು
ಅಂಕಪಟ್ಟಿಯಲ್ಲಿಲ್ಲ.

ಪಟ್ಟಿ ಮಡಚಿ ಬ್ಯಾಗಿಗಿಟ್ಟು
ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿದೆ,
ದಪ್ಪ ಎಡಕ್ಕೆ, ಮಧ್ಯಮ ಬಲಕ್ಕೆ.
ಒಂದು ಗೆಡ್ಡೆ, ಒಂದು ಮಗ್ಗುಲು ಮಾತ್ರ ಮೆತ್ತಗೆ,
ಮೇಲೆ ನೋಡಿದರೆ ಏನೂ ಇಲ್ಲ.
ಮೆಲ್ಲಗೆ ಮಧ್ಯಮಕ್ಕೆ ಸೇರಿಸಿದೆ.

ಅವ್ವ ಈ ಕಡೆ ತಿರುಗಲಿಲ್ಲ.
ಕೈ ಮಾತ್ರ ಬಂತು,
ಅದೊಂದನ್ನೇ ಎತ್ತಿ ಹಿಂದಕ್ಕೆ ಎಸೆಯಿತು.